ಕಾಣದ ಕೆಲಸದ ಫೋಟೋ

ನಮ್ಮ ದೊಡ್ಡಪ್ಪನಷ್ಟು ಮೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಅವರಷ್ಟು ಚೆನ್ನಾಗಿ ರಫೂ ಹಾಕುವವರನ್ನೂ ಕಂಡಿಲ್ಲ. ಕೋಟಿನ ಮೇಲೆ ಕಿಡಿ ಬಿದ್ದು ತೂತಾಗಲಿ, ಪ್ಯಾಂಟು ಮೊಳೆಗೆ ಸಿಕ್ಕಿ ಹರಿಯಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಸೂಜಿಯಲ್ಲೇ ಉದ್ದಕ್ಕೂ ಅಡ್ಡಕ್ಕೂ ನೇಯ್ದು ಮುಚ್ಚಿಬಿಡುತ್ತಾರೆ. ಆಮೇಲೆ ಬೆಳಕಿಗೆ ಹಿಡಿದು ಹುಡುಕಿದರೂ ಹರಿದಿದ್ದ ಜಾಗ ಸಿಗುವುದಿಲ್ಲ.

ಅಂಗಡಿ ಇರುವುದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಒಂದು ಮೇಜು, ಒಂದು ಸ್ಟೂಲು, ಕುತ್ತಿಗೆ ಬಗ್ಗಿಸಿದ ಒಂದು ದೀಪ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುವುದರಿಂದ ಎಂಥ ದೊಡ್ಡ ಮನುಷ್ಯ ಬಂದರೂ ದೊಡ್ಡಪ್ಪ ಏಳುವುದಿಲ್ಲ. ಇದನ್ನು ಜಂಬ ಎಂದುಕೊಂಡವರೂ ಇದ್ದಾರೆ.

ಹೋದ ವರ್ಷ ಪಕ್ಕದಲ್ಲಿ ಮೊಬೈಲ್ ಅಂಗಡಿ ಬಂತು. ಅದರ ಬೋರ್ಡು ಎಷ್ಟು ದೊಡ್ಡದೆಂದರೆ ನಮ್ಮ ಮೆಟ್ಟಿಲೇ ಬೀದಿಗೆ ಕಾಣದಂತಾಯಿತು. ಹಳೆಯ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರು, ಹೊಸಬರು ಬರುವುದೇ ನಿಂತುಹೋಯಿತು. ದೊಡ್ಡಪ್ಪ ನೊಣ ಹೊಡೆಯುತ್ತ ಕೂರುವುದನ್ನು ನೋಡಿ ಮೂಲೆಯ ಲಾಂಡ್ರಿ ಯಜಮಾನರು ಹೇಳಿಕಳಿಸಿದರು: "ಒಳಗಿನ ರೂಮಲ್ಲಿ ಜಾಗ ಕೊಡ್ತೀನಿ, ನಮ್ಮಲ್ಲೇ ಕೂತು ಕೆಲ್ಸ ಮಾಡಿ. ತಿಂಗಳ ಕೊನೇಲಿ ಉತ್ರ ಹೇಳಿ." ಅಷ್ಟು ವರ್ಷ ತಮ್ಮ ಮೇಜಿಗೆ ತಾವೇ ಯಜಮಾನರಾಗಿದ್ದವರು ಇನ್ನೊಬ್ಬರ ಹಿಂದಿನ ಕೋಣೆಯಲ್ಲಿ ಕೂರಬೇಕು. ದೊಡ್ಡಪ್ಪ ಉತ್ತರವನ್ನು ತಿಂಗಳ ಕೊನೆಗೇ ಬಿಟ್ಟರು. ಊಟ ಮಾತ್ರ ಸೇರುತ್ತಿರಲಿಲ್ಲ.

ದೊಡ್ಡಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. "ಬೀದೀಲಿ ಕಾಣ್ಲಿಲ್ಲ ಅಂದ್ರೆ ಫೋನಲ್ಲಿ ಕಾಣ್ಲಿ. ಬಾರೇ ಇಲ್ಲಿ," ಎಂದು ನನ್ನನ್ನು ಎಳೆದು ಕೂರಿಸಿಕೊಂಡರು. ಇಬ್ಬರೂ ಸೇರಿ ಅಂಗಡಿಯನ್ನು ಇಂಟರ್ನೆಟ್ಟಿನ ನಕ್ಷೆಯಲ್ಲಿ ಸೇರಿಸಿದೆವು. ದೊಡ್ಡಪ್ಪ ಆಗಷ್ಟೇ ಮುಗಿಸಿದ್ದ ಕಪ್ಪು ಕೋಟಿನ ಫೋಟೋವನ್ನೂ ಹಾಕಿದೆವು.

ಮಾರನೆಯ ದಿನವೇ ಫೋನು ಬಂತು. "ಆ ಕೋಟು ಎಷ್ಟು ಸಾರ್?" ಇನ್ನೊಬ್ಬರು, "ಅದೇ ಥರದ್ದು ನೀಲಿ ಬಣ್ಣದಲ್ಲಿ ಇದ್ಯಾ?" ಎಂದು ಕೇಳಿದರು. ದೊಡ್ಡಪ್ಪ ಫೋನನ್ನು ನನ್ನ ಕೈಗಿಟ್ಟು, "ನಾನ್ಯಾವಾಗಮ್ಮ ಕೋಟಿನ ವ್ಯಾಪಾರ ಶುರು ಮಾಡ್ದೆ?" ಎಂದರು. ತಪ್ಪು ನಮ್ಮದೇ. ಅವರ ಕೆಲಸ ಚೆನ್ನಾಗಿ ಆದಷ್ಟೂ ಫೋಟೋದಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ.

"ಹಾಗಾದ್ರೆ ತೂತಿಂದೂ ಒಂದು ಫೋಟೋ ಹಾಕೋಣ. ಮೊದಲು ಹೀಗಿತ್ತು, ಈಗ ಹೀಗಿದೆ ಅಂತ," ಎಂದರು ದೊಡ್ಡಮ್ಮ.

ದೊಡ್ಡಪ್ಪ ಕೆರಳಿದರು. "ನಂಬಿ ತಂದುಕೊಟ್ಟೋರ ಹರಕು ಬಟ್ಟೇನ ಊರಿಗೆಲ್ಲ ತೋರಿಸ್ಲಾ? ನಾಳೆ ಆ ಮನುಷ್ಯ ಅದನ್ನೇ ಹಾಕ್ಕೊಂಡು ನಾಲ್ಕು ಜನರ ಮಧ್ಯೆ ಹೋಗ್ತಾನೆ ಕಣೇ!"

ಅವರ ಕಸುಬಿನ ಕಟ್ಟುನಿಟ್ಟು ಅದು. ಗಿರಾಕಿ ಬಟ್ಟೆ ಕೊಟ್ಟರೆ ತೂತು ಒಳಗೆ ಹೋಗುವಂತೆ ಮಡಚಿಡುತ್ತಾರೆ. ಹೇಗೆ ಹರಿಯಿತೆಂದು ಕೇಳುವುದಿಲ್ಲ. ನಾನು ಕೆದಕಿ ಕೇಳಿದರೂ ಬಾಯಿ ಬಿಡುವುದಿಲ್ಲ, ನನಗೋ ಅದನ್ನು ತಿಳಿದುಕೊಳ್ಳುವ ಚಪಲ! ಹೀಗೆ ಗಂಡ ಹೆಂಡತಿ ಇಬ್ಬರೂ ಪಟ್ಟು ಹಿಡಿದು ಕೂತರು. ತಿಂಗಳು ಮುಗಿಯುತ್ತ ಬಂತು.

ಒಂದು ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಬೀರುವಿನಿಂದ ದೊಡ್ಡಪ್ಪನ ಬೂದು ಬಣ್ಣದ ಕೋಟು ತೆಗೆದರು. ಅವರಿಗೆ ಇರುವುದೇ ಅದೊಂದು. "ಫೋನು ಹಿಡ್ಕೊಳ್ಳೇ," ಎಂದರು ನನಗೆ. ಏನು, ಯಾಕೆ ಎಂದು ಕೇಳುವಷ್ಟರಲ್ಲಿ ಕತ್ತರಿ ತೆಗೆದುಕೊಂಡು ಕೋಟಿನ ಎದೆಯ ಮೇಲೆ ಕಚಕ್ಕನೆ ಕತ್ತರಿಸಿಯೇಬಿಟ್ಟರು!

ದೊಡ್ಡಪ್ಪ ಕೂತಲ್ಲಿಂದ ಹಾರಿ ಎದ್ದರು. "ನಿನಗೇನು ತಲೆ ಕೆಟ್ಟಿದ್ಯಾ?"

"ಇದು ನಿಮ್ದೇ ಬಟ್ಟೆ, ಕತ್ತರಿಸಿದ್ದು ನಿಮ್ಮ ಹೆಂಡ್ತಿ. ಇದ್ರಲ್ಲಿ ಯಾವ ಗಿರಾಕಿ ಮಾನ ಹೋಯ್ತು ಹೇಳಿ ನೋಡೋಣ," ಎಂದು ದೊಡ್ಡಮ್ಮ ಕತ್ತರಿ ಕೆಳಗಿಟ್ಟರು.

ದೊಡ್ಡಪ್ಪ ಮುಖ ಗಂಟಿಕ್ಕಿಕೊಂಡು ಕೂತರು. ಆದರೆ ಕಣ್ಣೆದುರು ಹರಿದ ಬಟ್ಟೆ ಬಿದ್ದಿದ್ದರೆ ಅವರ ಕೈ ಸುಮ್ಮನಿರುವುದುಂಟೇ? ಕಾಫಿ ಆರುವುದರೊಳಗೆ ಸೂಜಿಗೆ ಎಳೆ ಪೋಣಿಸಿಯಾಗಿತ್ತು. ನಾನು ಅವರ ಕೈಯನ್ನಷ್ಟೇ ವಿಡಿಯೋ ಮಾಡಿದೆ. ದೊಡ್ಡಮ್ಮನನ್ನು ಬೈಯುವ ಅವರ ದನಿಯೂ ಅದರಲ್ಲಿ ಸೇರಿಕೊಂಡಿತು, ತೆಗೆಯುವುದಕ್ಕೆ ಮನಸ್ಸಾಗದೆ ಹಾಗೆಯೇ ಹಾಕಿದೆ. ಕೊನೆಯಲ್ಲಿ ಕೋಟನ್ನು ಕ್ಯಾಮೆರಾ ಮುಂದೆ ಹಿಡಿದು ದೊಡ್ಡಮ್ಮ, "ಎಲ್ಲಿತ್ತು ಹೇಳಿ?" ಎಂದು ಕೇಳಿದರು.

ಆ ವಿಡಿಯೋ ಫೋನಿನಿಂದ ಫೋನಿಗೆ ಹೋಗಿ ನಮ್ಮ ಸುತ್ತಮುತ್ತಲ ಬೀದಿಯವರೆಲ್ಲ ನೋಡಿದರು. ಜನ ಫೋನು ಹಿಡಿದುಕೊಂಡು ಬೋರ್ಡಿನ ಹಿಂದೆ ಇಣುಕತೊಡಗಿದರು. ದೊಡ್ಡಮ್ಮ ಒಬ್ಬೊಬ್ಬರಿಗೂ, "ಹೇಗಾಗಿದೆ ಅಂತ ಫೋನಲ್ಲಿ ನಮ್ಮ ಅಂಗಡಿ ಕೆಳಗೆ ನಾಲ್ಕು ಮಾತು ಬರೀರಿ," ಎಂದು ದುಂಬಾಲು ಬಿದ್ದರು. ಬರೆದರು, ಇಲ್ಲವೆನ್ನುವಂತಿಲ್ಲ. "ನನ್ನ ಸ್ನೇಹಿತರ ಪ್ಯಾಂಟು ಚೆನ್ನಾಗಿ ಮಾಡಿಕೊಟ್ಟಿದ್ದಾರೆ" ಎಂದು ಒಬ್ಬರು, "ನಾನು ಇಲ್ಲಿಗೆ ಹೋದವನಲ್ಲ, ಆದರೆ ಕೆಲಸ ಅದ್ಭುತ" ಎಂದು ಇನ್ನೊಬ್ಬರು. ತನ್ನ ಬಟ್ಟೆ ಹರಿದಿತ್ತೆಂದು ಒಬ್ಬ ಮಹಾನುಭಾವನೂ ಒಪ್ಪಿಕೊಳ್ಳಲಿಲ್ಲ. ಓದಿ ಹೇಳಿದರೆ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕು ಎಷ್ಟು ದಿನವಾಗಿತ್ತು! ಆ ರಾತ್ರಿ ಎರಡನೆಯ ಸಲ ಬಡಿಸಿಕೊಂಡರು.

ತಿಂಗಳ ಕೊನೆಗೆ ಲಾಂಡ್ರಿ ಯಜಮಾನರೇ ಬಂದರು. ಅವರ ಹಿಂದೆ ಇಬ್ಬರು ಹೊಸ ಗಿರಾಕಿಗಳು ಬಟ್ಟೆಯ ಚೀಲ ಹಿಡಿದು ಕಾಯುತ್ತಿದ್ದರು. "ಏನು ತೀರ್ಮಾನ ಮಾಡಿದ್ರಿ? ಯಾವತ್ತಿಂದ ಬರ್ತೀರಿ?" ಎಂದು ಕೇಳಿದರು.

ಮನೆಯ ಹೊರಗೆ ಯಾರಿಗೂ ಎದುರಾಡಿ ಗೊತ್ತಿಲ್ಲದ ದೊಡ್ಡಪ್ಪ ಸೂಜಿಯನ್ನು ಬಟ್ಟೆಯಲ್ಲಿ ಸಿಕ್ಕಿಸಿ ತಲೆ ಎತ್ತಿದರು.

"ಬರೋಕಾಗಲ್ಲ ಸ್ವಾಮಿ," ಎಂದರು. "ನನಗೆ ಅಂಗಡಿ ಇದೆಯಲ್ಲ."