ಹಿಂದಿನ ಗೇಟಿನ ಎರಡು ಬೀಗ

ಶಕುಂತಲಕ್ಕ, ಆ ಮಂಗಳವಾರ ವೇಯ್ನ್ ಕೀಲಿಕೈ ಮರೆತು ಬಂದಿರಲಿಲ್ಲ. ಕೀಲಿಕೈ ಅವನ ಕೈಯಲ್ಲೇ ಇತ್ತು. ಅವನ ಬೀಗವೂ ತೆರೆಯಿತು. ಗೇಟು ಮಾತ್ರ ತೆರೆಯಲಿಲ್ಲ — ತೆರೆಯದ ಹಾಗೆ ಸರಪಳಿ ಕಟ್ಟಿದವನು ನಾನು. ಆಮೇಲೆ ನಿಮಗೆ ಸುಳ್ಳು ಹೇಳಿದವನೂ ನಾನೇ.

ಇಷ್ಟು ಬರೆಯಲು ಆರು ವರ್ಷ ಬೇಕಾಯಿತು. ಇದರ ಒಂದು ಪ್ರತಿ ಆಸ್ಟಿನ್‌ನಲ್ಲಿ ನಿಮ್ಮ ಮಗಳ ಮನೆಗೆ ಬರುತ್ತದೆ. ಇನ್ನೊಂದನ್ನು ನಮ್ಮ ಕನ್ನಡ ಸಂಘದ ಸಂಚಿಕೆಗೆ ಕೊಟ್ಟಿದ್ದೇನೆ, ಏಕೆಂದರೆ ಸುಳ್ಳು ಹೇಳಿದ್ದು ಎಲ್ಲರ ಎದುರು. ನಿಮಗೆ ಗೊತ್ತಿರುವುದನ್ನೂ ಕೆಲವು ಕಡೆ ಬರೆದಿದ್ದೇನೆ. ಅದು ಉಳಿದವರಿಗೆ.

ನನ್ನನ್ನು ಎಲ್ಲರೂ ಬಲ್ಲರು. ಡಾಲಸ್ ಪಕ್ಕದ ಇರ್ವಿಂಗ್‌ನ ಒಂದು ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ನಿಂತು ಶುರು ಮಾಡಿದವನು. ಮುಚ್ಚಿದ ಹೋಟೆಲುಗಳ ಒಲೆ, ಫ್ರಿಜ್, ಸ್ಟೀಲ್ ಮೇಜು ಕೊಂಡು ಹೊಸದಾಗಿ ತೆರೆಯುವವರಿಗೆ ಮಾರುವುದು ನನ್ನ ವ್ಯಾಪಾರ. ಡಾಲಸ್, ಆಸ್ಟಿನ್, ಹ್ಯೂಸ್ಟನ್ — ಯಾರು ಯಾವಾಗ ಅಂಗಡಿ ಮುಚ್ಚುತ್ತಾರೆ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಚೌಕಾಶಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಕಾರು ಕೊಳ್ಳುವವರು, ಮನೆ ಕೊಳ್ಳುವವರು, ಮಗಳ ಮದುವೆಗೆ ಹಾಲ್ ಗೊತ್ತು ಮಾಡುವವರು, ಎಲ್ಲರಿಗೂ ಕೇಳದೆಯೇ ಬುದ್ಧಿ ಹೇಳುತ್ತಿದ್ದೆ. ನಿಮ್ಮ ಯಜಮಾನರು ಗುರುನಾಥರು ಅದನ್ನೇ ಆಡಿಕೊಳ್ಳುತ್ತಿದ್ದರು. ಮೊಣಕಾಲಿನ ಆಪರೇಷನ್‌ಗೆ ಒಂದು ವಾರ ಮುಂಚೆ ನಿಮ್ಮ ಅಡುಗೆಮನೆಯಲ್ಲಿ ಕೂತು, ನೀವು ಆರ್ಡರಿನ ಹೋಳಿಗೆ ಬೇಯಿಸುತ್ತಿದ್ದಾಗ, ಹೇಳಿದ್ದರು:

"ಒಂದ ಮೊಣಕಾಲು ಮಾಡಿಸ್ಕೋತೀನಿ ಅಂದ್ರ, ಈ ರಂಗಸ್ವಾಮಿ ಎರಡೂ ಕಾಲಿಗೆ ಸೇರಿಸಿ ರೇಟ್ ಕೇಳ್ರಿ ಅಂತಾನ. ಒಂದು ಛಲೋ ಕಾಲು ಉಳದೈತಿ, ಅದನ್ನೂ ಕೊಯ್ಯಿಸ್ತಾನ ಇಂವಾ."

ನೀವು ನಕ್ಕಿರಿ. ನಾನೂ ನಕ್ಕೆ. ನಿಮ್ಮ ಅಡುಗೆಮನೆಯ ಬಗ್ಗೆ ನನಗೆ ಈಗ ನೆನಪಿರುವುದು ಅಷ್ಟೇ.

ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್ ಆಚೆಗಿನ ನಮ್ಮ ಬಡಾವಣೆಗೆ ಮುಂದೊಂದು ಗೇಟು, ಹಿಂದೊಂದು ಗೇಟು. ಮುಂದಿನದು ದೊಡ್ಡ ರಸ್ತೆಗೆ. ಹಿಂದಿನದು ಹುಲ್ಲುಗಾವಲಿನ ಪಕ್ಕದ ಹಳ್ಳಿರಸ್ತೆಗೆ. ಆ ರಸ್ತೆಯಲ್ಲೇ ಮುಂದೆ ಹೋದರೆ ಅಗ್ನಿಶಾಮಕ ಠಾಣೆ. ಸಂಬಳವಿಲ್ಲದ ಠಾಣೆ ಅದು. ಹುಲ್ಲು ಮಾರುವವರು, ವೆಲ್ಡಿಂಗ್ ಮಾಡುವವರು, ಶಾಲೆ ಬಸ್ಸು ಓಡಿಸುವವರು, ಕರೆ ಬಂದರೆ ಕೈಕೆಲಸ ಬಿಟ್ಟು ಓಡಿ ಬರುತ್ತಿದ್ದರು. ಅವರ ಮುಖ್ಯಸ್ಥ ವೇಯ್ನ್. ಅರವತ್ತು ದಾಟಿತ್ತು. ಹುಲ್ಲಿನ ಉಂಡೆ ಮಾರಿ ಬದುಕುತ್ತಿದ್ದ.

ಹಿಂದಿನ ಗೇಟಿಗೆ ಒಂದು ಸರಪಳಿ, ಎರಡು ಬೀಗ. ಒಂದು ನಮ್ಮ ಬಡಾವಣೆಯದು, ಕೀಲಿಕೈ ಅಧ್ಯಕ್ಷನಾದ ನನ್ನ ಬಳಿ. ಇನ್ನೊಂದು ಠಾಣೆಯದು, ಕೆಂಪು ಬಣ್ಣ ಬಳಿದದ್ದು. ಇಲ್ಲಿನ ಹೊಲಗಳ ಗೇಟುಗಳಲ್ಲಿ ಇದು ರೂಢಿ — ಒಂದು ಬೀಗದ ಕೊಂಡಿಗೆ ಇನ್ನೊಂದು ಬೀಗವನ್ನು ಕೋದು, ಎರಡನ್ನೂ ಸರಪಳಿಯ ಭಾಗವನ್ನಾಗಿ ಮಾಡುತ್ತಾರೆ. ಯಾವುದನ್ನು ತೆರೆದರೂ ಸರಪಳಿ ಬಿಚ್ಚುತ್ತದೆ. ವೇಯ್ನ್ ಅದನ್ನು ನನಗೆ ತಾನೇ ತೋರಿಸಿಕೊಟ್ಟಿದ್ದ. "ತೆರೆದ ಮೇಲೆ ಮತ್ತೆ ಹಾಕುವಾಗ ಜೋಪಾನ, ಮಿಸ್ಟರ್ ಸ್ವಾಮಿ. ಬೀಗಕ್ಕೆ ಬೀಗ ಪೋಣಿಸಬೇಕು. ಸರಪಳಿಗೇ ಹಾಕಿಬಿಟ್ಟರೆ ಇನ್ನೊಬ್ಬನ ಬೀಗ ಸುಮ್ಮನೆ ನೇತಾಡುತ್ತದೆ" ಎಂದಿದ್ದ.

ನಾನು ಮಾಡಿದ್ದು ಅದನ್ನೇ. ಮರೆತಲ್ಲ.

ಆ ವರ್ಷ ರಾಜ್ಯೋತ್ಸವಕ್ಕೆ ನನಗೆ ಠಾಣೆಯ ಹಾಲ್ ಬೇಕಿತ್ತು. ಹತ್ತಿರ, ದೊಡ್ಡದು, ಪಾರ್ಕಿಂಗ್ ಬೇಕಾದಷ್ಟು. ಕೇಳಿದೆ. ಆ ಶನಿವಾರ ಬೇರೊಬ್ಬರ ಮಗಳ ಹದಿನೈದನೆಯ ಹುಟ್ಟುಹಬ್ಬಕ್ಕೆ ಕೊಟ್ಟಾಗಿದೆ ಎಂದ ವೇಯ್ನ್. ಅವರಿಗೆ ಬೇರೆ ಜಾಗ ನಾನೇ ಹುಡುಕಿಕೊಡುತ್ತೇನೆ ಎಂದೆ. ಮಾತು ಕೊಟ್ಟಿದ್ದೇನೆ ಎಂದ. ನಮ್ಮ ನೂರು ಮನೆಯವರನ್ನು ಠಾಣೆಗೆ ಹಣ ಕೂಡಿಸುವ ನಿಮ್ಮ ಮೀನೂಟಕ್ಕೆ ಕರೆತರುತ್ತೇನೆ ಎಂದೆ. "ನೀವೆಲ್ಲ ಮೀನು ತಿನ್ನುತ್ತೀರಾ?" ಎಂದು ಕೇಳಿದ. ಅರ್ಧದಷ್ಟು ಜನ ತಿನ್ನುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಜೋರಾಗಿ ನಕ್ಕ. ಆದರೆ ಮಾತು ಬದಲಿಸಲಿಲ್ಲ.

ವ್ಯಾಪಾರದಲ್ಲಿ ನಾನು ಎಲ್ಲರಿಗೂ ಹೇಳಿಕೊಡುತ್ತಿದ್ದ ಉಪಾಯವೊಂದಿತ್ತು: ಎದುರಿನವನು ಬಗ್ಗದಿದ್ದರೆ ಮತ್ತೆ ಕೇಳಬೇಡಿ. ಅವನಿಗೆ ದಿನಾ ಬೇಕಾಗುವ ಏನನ್ನಾದರೂ ಮೆಲ್ಲಗೆ ತಡೆಯಿರಿ. ಅವನೇ ನಿಮ್ಮ ಬಾಗಿಲಿಗೆ ಬರುತ್ತಾನೆ. ಬಂದವನ ಜೊತೆ ಮಾತು ಸುಲಭ. — ಎಷ್ಟು ಜನಕ್ಕೆ ಹೇಳಿದ್ದೇನೋ ಇದನ್ನು.

ಗುರುವಾರ ಸಂಜೆ ವಾಕಿಂಗ್ ಹೋದವನು ನನ್ನ ಬೀಗ ತೆರೆದೆ. ಕೆಂಪು ಬೀಗವನ್ನು ಬಿಟ್ಟು, ಸರಪಳಿಯ ಎರಡು ಕೊಂಡಿಗಳಿಗೇ ನೇರವಾಗಿ ಹಾಕಿದೆ. ಕೆಂಪು ಬೀಗ ಪಕ್ಕದಲ್ಲಿ ನೇತಾಡುತ್ತಿತ್ತು. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ವೇಯ್ನ್ ಪ್ರತಿ ಭಾನುವಾರ ಬೆಳಿಗ್ಗೆ ಬಂದು ಗೇಟು ತೆರೆದು ನೋಡುತ್ತಿದ್ದ. ತೆರೆಯದಿದ್ದರೆ ನನ್ನ ಹತ್ತಿರ ಬರುತ್ತಾನೆ, ಆಗ ಹಾಲಿನ ಮಾತು ತೆಗೆಯೋಣ — ಇದು ನನ್ನ ಲೆಕ್ಕ. ಅಯ್ಯೋ ನೋಡಿ, ನಮ್ಮ ಮಾಲಿ ತಪ್ಪಾಗಿ ಹಾಕಿದ್ದಾನೆ ಎನ್ನುವುದಕ್ಕೆ ವಾಕ್ಯವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಆ ಭಾನುವಾರ ಠಾಣೆಯಲ್ಲಿ ಮೀನೂಟ. ವೇಯ್ನ್ ಬೆಳಗಿನಿಂದ ಎಣ್ಣೆ ಬಾಣಲೆಯ ಮುಂದೆ ನಿಂತಿದ್ದ. ಗೇಟಿನ ಹತ್ತಿರ ಬರಲಿಲ್ಲ. ನಾನು ಸೋಮವಾರ ಸರಿಪಡಿಸಬಹುದಿತ್ತು. ಇರಲಿ, ಇನ್ನೊಂದು ವಾರ, ಎಂದುಕೊಂಡೆ.

ಮಂಗಳವಾರ ಮಧ್ಯಾಹ್ನ ನಿಮ್ಮ ಗ್ಯಾರೇಜಿನಲ್ಲಿ ಬೆಂಕಿ ಹತ್ತಿತು. ನೀವು ಆರ್ಡರ್ ತಲುಪಿಸಲು ಶುಗರ್ ಲ್ಯಾಂಡಿಗೆ ಹೋಗಿದ್ದಿರಿ. ಗುರುನಾಥರು ಆಪರೇಷನ್ ಆದ ಕಾಲು ಚಾಚಿಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದ್ದರು. ನಾನು ನಾಲ್ಕು ಗಂಟೆ ದಾರಿಯ ಇರ್ವಿಂಗ್‌ನಲ್ಲಿ, ಮುಚ್ಚಿದ ಒಂದು ಹೋಟೆಲಿನ ಅಡುಗೆಮನೆಯಲ್ಲಿ, ಒಂದು ಇಡ್ಲಿ ಸ್ಟೀಮರಿಗೆ ಬೆಲೆ ಕೇಳುತ್ತಿದ್ದೆ. ಫೋನ್ ಬಂತು. ನಿಮ್ಮ ಮನೆಯ ಹೆಸರು ಹೇಳಿದರು. ಬೆಂಕಿ ಆರಿಸುವ ಗಾಡಿ ಹಿಂದಿನ ಗೇಟಿನಲ್ಲೇ ನಿಂತಿದೆ ಎಂದರು. ಮುಂದಿನದು ನನಗೆ ಕೇಳಿಸಲಿಲ್ಲ.

ಅಲ್ಲಿ ನಡೆದದ್ದನ್ನು ಆಮೇಲೆ ತಿಳಿದುಕೊಂಡೆ. ವೇಯ್ನ್ ಬೀಗ ತೆರೆದ. ಸರಪಳಿ ಬಿಚ್ಚಲಿಲ್ಲ. ಮತ್ತೆ ಹಾಕಿ ಮತ್ತೆ ತೆರೆದ. ಸರಪಳಿ ಕತ್ತರಿಸುವ ಕಟ್ಟರ್ ಇದ್ದದ್ದು ಹಿಂದೆ ಬರುತ್ತಿದ್ದ ಎರಡನೆಯ ಗಾಡಿಯಲ್ಲಿ. ಅದು ಬರುವವರೆಗೆ ಏಳು ನಿಮಿಷ; ಸುತ್ತಿ ಮುಂದಿನ ಗೇಟಿಗೆ ಹೋಗಲು ಇನ್ನೂ ಹೆಚ್ಚು. ವೇಯ್ನ್ ಕಾಯಲಿಲ್ಲ. ಗೇಟು ಹತ್ತಿ ಹಾರಿ, ಆ ವಯಸ್ಸಿನಲ್ಲಿ, ಆ ಭಾರದ ಕೋಟು ತೊಟ್ಟು ಓಡಿದ. ನೀರಿಲ್ಲದೆ ಒಳಗೆ ಹೋದ. ಗುರುನಾಥರನ್ನು ಹಿತ್ತಲಿನ ಬಾಗಿಲವರೆಗೆ ಎಳೆದು ತಂದ. ಅಷ್ಟರಲ್ಲಿ ಹೊಗೆ —

ನಾನು ಫುಲ್‌ಶೀರ್ ತಲುಪುವಾಗ ಹೊತ್ತು ಇಳಿಯುತ್ತಿತ್ತು. ಶಕುಂತಲಕ್ಕ, ನಿಮ್ಮ ಮನೆಯನ್ನು ನೋಡುವ ಮೊದಲು ನಾನು ಗೇಟನ್ನು ನೋಡಲು ಹೋದೆ. ಕತ್ತರಿಸಿದ ಸರಪಳಿ ಹುಲ್ಲಿನಲ್ಲಿ ಬಿದ್ದಿತ್ತು, ಎರಡು ಬೀಗಗಳೂ ಅದರಲ್ಲೇ ಇದ್ದವು. ಎತ್ತಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡೆ. ಅಷ್ಟು ತಣ್ಣಗೆ ಹೇಗೆ ಮಾಡಿದೆನೋ. ಅದು ನನಗೆ ಈಗಲೂ ಅರ್ಥವಾಗುವುದಿಲ್ಲ. ಆಮೇಲೆ ನಿಮ್ಮ ಹತ್ತಿರ ಬಂದೆ. ನೀವು ಎದುರು ಮನೆಯ ಮೆಟ್ಟಿಲ ಮೇಲೆ ಕೂತಿದ್ದಿರಿ. ಕೇಳಿದಿರಿ:

"ಗಾಡಿ ಅಲ್ಲೇ ಗೇಟಿನ ಹಿಂದ ಯಾಕ ನಿಂತಿತ್ತರಿ?"

ಸುತ್ತಲೂ ಹದಿನೈದು ಇಪ್ಪತ್ತು ಜನ. ಎಲ್ಲರೂ ನನ್ನ ಕಡೆ ನೋಡಿದರು. ನಾನಲ್ಲವೇ ಎಲ್ಲಕ್ಕೂ ಉತ್ತರ ಹೇಳುವವನು.

"ಕೀ ಮರೆತು ಬಂದಿದ್ರಂತೆ ಅಕ್ಕ" ಎಂದೆ.

ಮುಂಚೆ ಯೋಚಿಸಿದ್ದಲ್ಲ. ಆದರೆ ಹೇಳಿದ ಮೇಲೆ ಅದನ್ನು ಕಾಪಾಡಿಕೊಂಡು ಬಂದೆ. ಬಡಾವಣೆಯ ಸಭೆಯಲ್ಲಿ ಯಾರೋ "ವಾಲಂಟಿಯರ್ಸ್ ಅಂದ್ರೆ ಇಷ್ಟೇ ಕಣ್ರೀ, ಹುಲ್ಲು ಮಾರೋರ ಕೈಗೆ ಫೈರ್ ಎಂಜಿನ್ ಕೊಟ್ರೆ ಇನ್ನೇನಾಗತ್ತೆ" ಎಂದಾಗ ನಾನು ಅಧ್ಯಕ್ಷನ ಕುರ್ಚಿಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಅಲ್ಲಿದ್ದವರು ಇದನ್ನು ಓದುತ್ತಿದ್ದರೆ — ನೀವು ತಿಳಿಯದೆ ಆಡಿದಿರಿ. ನನಗೆ ತಿಳಿದಿತ್ತು.

ಇನ್ನೊಂದು ಸುಳ್ಳಿದೆ. ಅದು ನಿಮಗೂ ಗೊತ್ತಿಲ್ಲ, ವೇಯ್ನ್‌ಗೂ ಗೊತ್ತಿರಲಿಲ್ಲ.

ಅಂತ್ಯಕ್ರಿಯೆಯ ದಿನ ವೇಯ್ನ್ ಬಂದಿದ್ದ. ಇಸ್ತ್ರಿ ಮಾಡಿದ ಸಮವಸ್ತ್ರ, ಬಲಗೈಗೆ ಬ್ಯಾಂಡೇಜ್. ಕೊನೆಯ ಸಾಲಿನಲ್ಲಿ ನಿಂತಿದ್ದ. ನೀವು ಹೊರಗೆ ಬಂದಾಗ ಮುಂದೆ ಬಂದು ಎಡಗೈ ಚಾಚಿದ. ನೀವು ಆ ಕೈಯನ್ನು ನೋಡಿದಿರಿ. ಮುಟ್ಟಲಿಲ್ಲ. ಪಕ್ಕದಲ್ಲಿದ್ದ ನನಗೆ ಹೇಳಿದಿರಿ:

"ಕೀಲಿ ಮರತ ಬಂದಾಂವಗ ಇವತ್ತ ಇಲ್ಲಿ ದಾರಿ ಹೆಂಗ ನೆನಪಾತಂತ ಕೇಳ್ರಿ."

ಹೇಳಿ ಒಳಗೆ ಹೋದಿರಿ. ಅವನು ನನ್ನ ಕಡೆ ತಿರುಗಿ, ಆಕೆ ಏನೆಂದರು, ಎಂದು ಕೇಳಿದ.

"ಥ್ಯಾಂಕ್ಸ್ ಹೇಳಿದರು. ನಿಮ್ಮಿಂದ ಆದದ್ದನ್ನೆಲ್ಲ ಮಾಡಿದಿರಿ ಎಂದರು. ನಮ್ಮಲ್ಲಿ ಇಂಥ ಸಮಯದಲ್ಲಿ ಕೈ ಕುಲುಕುವುದಿಲ್ಲ" ಎಂದೆ.

ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಕಣ್ಣು ಒರೆಸಿಕೊಂಡ. ನಾನು ಅವನ ಬೆನ್ನು ತಟ್ಟಿದೆ. — ಹೌದು, ತಟ್ಟಿದೆ.

ಎರಡು ವಾರದ ನಂತರ ನನ್ನ ಮನೆಗೆ ಬಂದ. ಸರಪಳಿ ಎಲ್ಲಿ ಎಂದು ಕೇಳಿದ. ಕಸಕ್ಕೆ ಹೋಯಿತು ಎಂದೆ. ಒಳಗೆ ಬಾ ಎಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ: "ನನ್ನ ಬೀಗ ತೆರೆಯಿತು, ಮಿಸ್ಟರ್ ಸ್ವಾಮಿ. ಸರಪಳಿ ಬಿಡಲಿಲ್ಲ. ಮೀನೂಟಕ್ಕೂ ಹಿಂದಿನ ಭಾನುವಾರ ನಾನೇ ತೆರೆದಾಗ ಸಲೀಸಾಗಿ ಬಿಟ್ಟಿತ್ತು. ಆ ಗಡಿಬಿಡಿಯಲ್ಲಿ ನಾನೇ ಸರಿಯಾಗಿ ಬಿಡಿಸಲಿಲ್ಲವೇನೋ."

ಅವನು ಹಾಗೆ ಹೇಳಿದಾಗ ನಾನು — ನಿಜ ಹೇಳಿಬಿಡುತ್ತೇನೆ — ಹಗುರಾದೆ. "ಯಾರಿಗೂ ಆಗಬಹುದು" ಎಂದೆ. ಅದೂ ಒಂದು ಬುದ್ಧಿಮಾತು.

"ಠಾಣೆಯಿಂದ ಬಿಡುತ್ತಿದ್ದೇನೆ" ಎಂದ. "ಆ ಹೆಂಗಸು ಅಂದು ಹೇಳಿದ ಮಾತೊಂದಿದೆ. ಅದಿಲ್ಲದಿದ್ದರೆ ನಾನು…" ಹೊರಟುಹೋದ.

ಆರು ವರ್ಷ. ನೀವು ಆಸ್ಟಿನ್‌ಗೆ ಹೋದಿರಿ. ನಾನು ಎರಡು ಸಲ ಮತ್ತೆ ಅಧ್ಯಕ್ಷನಾದೆ. ಸರಪಳಿ ನನ್ನ ಗೋಡೌನಿನಲ್ಲಿ, ಕೆಟ್ಟ ಡೀಪ್ ಫ್ರೀಜರ್ ಒಂದರೊಳಗೆ ಇತ್ತು. ಆ ಫ್ರೀಜರಿಗೆ ಗಿರಾಕಿ ಬಂದರೆ ಮಾರಾಟವಾಗಿದೆ ಎನ್ನುತ್ತಿದ್ದೆ. ದುಃಖವಾಗುತ್ತಿತ್ತು ಎಂದು ಬರೆಯಲು ಹೊರಟೆ, ಬರೆಯಲಾರೆ. ಏನೂ ಆಗುತ್ತಿರಲಿಲ್ಲ. ಊಟ ಮಾಡುತ್ತಿದ್ದೆ, ನಿದ್ದೆ ಬರುತ್ತಿತ್ತು, ವ್ಯಾಪಾರ ಬೆಳೆಯಿತು. ಯಾವಾಗ ನೋಯಲು ಶುರುವಾಗುತ್ತದೋ ಆಗ ಹೇಳೋಣ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ನೋಯಲಿಲ್ಲ. ಹೋದ ತಿಂಗಳು ಯಾರೋ ಹೊಸಬರು ಮನೆ ಕೊಳ್ಳಲು ಬಂದಾಗ, ಇಲ್ಲಿ ಫೈರ್ ಸರ್ವೀಸ್ ಹೇಗೆ ಎಂದು ಕೇಳಿದರು. "ಹಿಂದೆ ಒಬ್ಬ ಮುಖ್ಯಸ್ಥನಿದ್ದ, ಕೀ ಮರೆತು ಬರುತ್ತಿದ್ದ" ಎಂದು ನನ್ನ ಬಾಯಿಂದ ಬಂತು. ತಡವರಿಸದೆ, ನೆನಪಿನಿಂದ ಹೇಳುವ ಹಾಗೆ ಬಂತು. ನೋವಿಗೆ ಕಾದು ಉಪಯೋಗವಿಲ್ಲ ಎಂದು ಅವತ್ತು ಗೊತ್ತಾಯಿತು.

ಏಳು ನಿಮಿಷ ಮೊದಲೇ ನೀರು ಬಂದಿದ್ದರೆ ಗುರುನಾಥರು ಉಳಿಯುತ್ತಿದ್ದರೋ ಇಲ್ಲವೋ — ಈ ವಾಕ್ಯವನ್ನು ಮುಗಿಸುವ ಹಕ್ಕು ನನಗಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಸರಪಳಿಯನ್ನು ತೆಗೆದುಕೊಂಡು ವೇಯ್ನ್ ಮನೆಗೆ ಹೋದೆ. ಹುಲ್ಲಿನ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಸರಪಳಿಯನ್ನು ಅವನ ತೊಡೆಯ ಮೇಲಿಟ್ಟೆ. ಹೇಗೆ ಕೋದೆ, ಏಕೆ ಕೋದೆ, ಎಲ್ಲ ಹೇಳಿದೆ. ಅವನು ಕೆಂಪು ಬೀಗವನ್ನು ಹಿಡಿದು, ಅದು ಎಲ್ಲಿ ನೇತಾಡುತ್ತಿದೆ ಎಂದು ಬೆರಳಾಡಿಸಿ ನೋಡಿದ. ಬಲಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿಲ್ಲ. ಕೊನೆಗೆ ನೀವು ಅಂದು ನಿಜವಾಗಿ ಹೇಳಿದ್ದನ್ನೂ ಹೇಳಿದೆ. ಅದನ್ನು ಹೇಳುವುದೇ ಕಷ್ಟವಾಯಿತು.

ಬೀಗದಿಂದ ಕೈ ತೆಗೆದು ಕೇಳಿದ: "ಹಾಗಾದರೆ ಆಕೆ ಥ್ಯಾಂಕ್ಸ್ ಹೇಳಿರಲಿಲ್ಲ."

"ಇಲ್ಲ" ಎಂದೆ.

ತಲೆಯಾಡಿಸಿದ. ಎದ್ದು, ಸರಪಳಿಯನ್ನು ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಧ್ಯಕ್ಷಗಿರಿ ಬಿಟ್ಟಿದ್ದೇನೆ. ನಡೆದದ್ದನ್ನೆಲ್ಲ ಕೌಂಟಿಯ ಕಚೇರಿಗೆ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನೀವು ನನ್ನನ್ನು ಏನು ಮಾಡಬೇಕೆಂಬುದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಈ ಕಾಗದದ ಜೊತೆ ಒಂದು ಚೀಟಿ ಇಟ್ಟಿದ್ದೇನೆ, ವೇಯ್ನ್‌ನ ವಿಳಾಸ. ಅವನನ್ನು ಕೇಳಿಯೇ ಬರೆದದ್ದು; ಮುಚ್ಚಿದ ಬಾಗಿಲ ಹೊರಗೆ ನಿಂತು ಕೇಳಿದೆ, ಒಳಗಿನಿಂದ ಸರಿ ಎಂದ. ಅವನಿಗೆ ಏನಾದರೂ ಹೇಳುವುದಿದ್ದರೆ ನೀವೇ ಹೇಳಿ, ಶಕುಂತಲಕ್ಕ. ನಡುವೆ ನಾನು ಇರುವುದಿಲ್ಲ.