ಮದುಮಗನ ಮುಖ

ವಾಮದಪದವಿನಿಂದ ಸ್ವಲ್ಪ ಒಳಗಿರುವ ನಮ್ಮ ಶಾಲೆಗೆ ದೊಡ್ಡ ಪರದೆಯ ಕಂಪ್ಯೂಟರ್ ಬಂತು. ಹಿಂದೆಯೇ ಮೇಲಿನಿಂದ ಸೂಚನೆಯೂ ಬಂತು: ಮಾತಿನಲ್ಲಿ ವರ್ಣಿಸಿದರೆ ಚಿತ್ರ ಬಿಡಿಸಿಕೊಡುವ ಕೃತಕ ಬುದ್ಧಿಮತ್ತೆಯನ್ನು ಪಾಠಕ್ಕೆ ಬಳಸಿ, ಮಕ್ಕಳ ಕಲ್ಪನೆ ಬೆಳೆಸಿ. ಕನ್ನಡ ಟೀಚರಾದ ನನಗೆ ಮೈಯೆಲ್ಲ ಉರಿಯಿತು. ಮೊದಲೇ ಮೂರು ಸಾಲು ಬರೆಯೆಂದರೆ ಮೂಗು ಮುರಿಯುವ ಮಕ್ಕಳು! ಹಾಗಾಗಿ ಒಂದು ಷರತ್ತು ಹಾಕಿದೆ.

"ನಿಮಗೆ ನೋಡಬೇಕೂಂತ ಆಸೆ ಇರುವ ಒಬ್ಬರ ಬಗ್ಗೆ ಒಂದು ಪುಟ ಬರೀರಿ. ಬರೆದದ್ದನ್ನು ಮಾತ್ರ ಇದಕ್ಕೆ ಕೊಡುವ."

ಹೆಚ್ಚಿನವರು ಕ್ರಿಕೆಟಿಗರನ್ನೂ ಸಿನಿಮಾ ನಟರನ್ನೂ ಬರೆದರು. ಪ್ರಬಂಧವನ್ನು ಯಾವಾಗಲೂ ಎರಡೇ ಸಾಲಿಗೆ ಮುಗಿಸುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಪುಟ ತುಂಬ ಬರೆದಿದ್ದಳು. ಮದುಮಗನಾಗಿ ನಿಂತ ಅಣ್ಣ. ಅಪ್ಪನ ಮೂಗು, ಅಮ್ಮನ ಗಲ್ಲದ ಗುಳಿ, ನಗುವಾಗ ತನ್ನ ಹಾಗೆಯೇ ಸಣ್ಣದಾಗುವ ಎಡಗಣ್ಣು. ಓದಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ಯಂತ್ರ ಮೊದಲು ಕೊಟ್ಟದ್ದು ಕುದುರೆ ಏರಿದ, ಪೇಟ ಸುತ್ತಿದ ಯಾವುದೋ ಊರಿನ ರಾಜಕುಮಾರನನ್ನು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳು ನಗಲಿಲ್ಲ.

"ಕುದುರೆ ಬೇಡ ಟೀಚರ್. ಬಿಳಿ ಪಂಚೆ, ಶಾಲು, ಮಲ್ಲಿಗೆ ಹಾರ."

ಅವಳು ತಿದ್ದಿ ತಿದ್ದಿ ಹೇಳಿದಳು, ನಾನು ಒತ್ತಿದೆ. ಕೊನೆಗೆ ಪರದೆಯಲ್ಲಿ ಎಡಗಣ್ಣು ಸಣ್ಣ ಮಾಡಿಕೊಂಡು ನಗುವ ಯುವಕನೊಬ್ಬ ನಿಂತ.

"ಯಾವಾಗ ಮಾರಾಯ್ತಿ ಅಣ್ಣನ ಮದುವೆ? ನಮಗೆ ಊಟ ಇಲ್ವಾ?" ಎಂದು ಚುಡಾಯಿಸಿದೆ.

"ಆಟಿಯಲ್ಲಿ ಟೀಚರ್."

ನನ್ನ ನಗು ಅಲ್ಲಿಗೇ ನಿಂತಿತು. ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಬದುಕಿರುವವರಿಗೆ ಮದುವೆ ಇಲ್ಲ. ಸತ್ತವರಿಗೆ ಉಂಟು. ಎಳವೆಯಲ್ಲೇ ತೀರಿಹೋದ ಮಗ ಸತ್ತವರ ಲೋಕದಲ್ಲೇ ಬೆಳೆದು ಮದುವೆಯ ಪ್ರಾಯಕ್ಕೆ ಬಂದನೆಂದು ಮನೆಯವರಿಗೆ ತಿಳಿದಾಗ, ಹಾಗೆಯೇ ತೀರಿಹೋದ ಹೆಣ್ಣನ್ನು ಇನ್ನೊಂದು ಮನೆಯಲ್ಲಿ ಹುಡುಕಿ, ಸೀರೆ ಪಂಚೆಗಳನ್ನು ಅಕ್ಕಪಕ್ಕ ಇಟ್ಟು ಮದುವೆ ಮಾಡುತ್ತಾರೆ.

"ತೊಟ್ಟಿಲಲ್ಲಿ ಇರುವಾಗಲೇ ಹೋದದ್ದು. ನಾನು ನೋಡ್ಲೇ ಇಲ್ಲ. ಒಂದು ಫೋಟೋ ಕೂಡ ಇಲ್ಲ. ಅಮ್ಮನಿಗೆ ಪ್ರಿಂಟ್ ಕೊಡ್ತೀರಾ?"

ಹೆತ್ತವಳ ಮುಂದೆ ಈ ಮುಖ ಹಿಡಿದು ಇವನೇ ನಿನ್ನ ಮಗ ಎನ್ನುವುದು ಹೇಗೆ? ಪ್ರಿಂಟ್ ಕೊಡಲಿಲ್ಲ. ಅಮ್ಮನನ್ನು ಕರೆದುಕೊಂಡು ಬಾ, ಅವರು ಹೇಳಿದ ಹಾಗೆ ಮಾಡುವ ಎಂದೆ.

ಮರುದಿನ ಅವರು ಬಂದರು. ಚಪ್ಪಲಿ ಹೊರಗೆ ಬಿಟ್ಟು ಪರದೆಯ ಮುಂದೆ ನಿಂತು, ರೆಪ್ಪೆ ಬಡಿಯದೆ ನೋಡಿದರು.

"ಚಂದ ಉಂಟು ಟೀಚರೇ. ಆದ್ರೆ ಅಳಿಸಿಬಿಡಿ."

ಹುಡುಗಿಯ ಮುಖ ಬಾಡಿತು. "ಯಾಕಮ್ಮ, ಸರಿ ಬರ್ಲಿಲ್ವಾ?"

"ಹಾಗಲ್ಲ ಮಗಾ. ನಿನ್ನನ್ನು ಬೆಳೆಸಿದ ಹಾಗೇ ಅವನನ್ನೂ ಬೆಳೆಸಿದ್ದೇನೆ. ಅವನ ಪ್ರಾಯದ ಮಕ್ಕಳು ಶಾಲೆಗೆ ಹೋಗುವಾಗ ಅವನನ್ನೂ ಕಳಿಸಿದ್ದೇನೆ, ಅವರಿಗೆ ಮೀಸೆ ಬರುವಾಗ ಅವನಿಗೂ ಬಂದಿದೆ. ನನ್ನವನ ಮುಖ ಬೇರೆ. ಇದನ್ನು ಇನ್ನು ಸ್ವಲ್ಪ ನೋಡಿದ್ರೆ ಅದು ಹೋಗ್ತದೆ."

ತೀರಿಹೋದ ಮಗನನ್ನು ಒಂದು ಚಿತ್ರದಿಂದ ಇನ್ನೊಮ್ಮೆ ಕಳೆದುಕೊಳ್ಳಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಹುಡುಗಿಯೇ ಬಂದು ಅಳಿಸಿದಳು. ಪರದೆ ಖಾಲಿಯಾಯಿತು.

"ನೀನು ಬರೆದದ್ದು ಉಂಟಲ್ಲ, ಅದನ್ನು ಓದು," ಎಂದರು ತಾಯಿ.

ಅವಳು ಹಾಳೆ ಬಿಡಿಸಿ ಓದತೊಡಗಿದಳು. ತಾಯಿ ಮುಂದಿನ ಬೆಂಚಿನಲ್ಲಿ ಕುಳಿತು, ಕಣ್ಣು ಮುಚ್ಚಿಕೊಂಡು ಕೇಳಿದರು.