ಹನ್ನೊಂದು ಭಾಲ್ಕಿಗಳು

ನಾನು ಗುಮಾಸ್ತನಾಗಿದ್ದ ನಾಸಿಕ ಜಿಲ್ಲೆಯ ಲಾಸಲಗಾಂವ್ ಈರುಳ್ಳಿ ಮಾರುಕಟ್ಟೆಯಲ್ಲಿ ಹಮಾಲರನ್ನು ಕೆಲಸಕ್ಕೆ ಹಚ್ಚುವ ಮುಕಾದಮನಾಗಿದ್ದ ವೈಜಿನಾಥ ನಮ್ಮ ಬೀದರ್ ಕಡೆಯವನೇ. ಹೊಸಬರು ಕೆಲಸಕ್ಕೆ ಬಂದರೆ ಅವರ ಮನೆಯ ನಂಬರನ್ನು ಮೊಬೈಲಿನಲ್ಲಿ ಊರಿನ ಹೆಸರಿನಿಂದ ಇಟ್ಟುಕೊಳ್ಳುತ್ತಿದ್ದ. ‘ಹೆಸರು ಮರೀತೀನ್ರಿ, ಊರು ಮರಿಯಂಗಿಲ್ಲ’ ಎನ್ನುತ್ತಿದ್ದ.

೨೦೧೨ರ ಬೇಸಿಗೆಯಲ್ಲಿ ಚೀಲಗಳ ರಾಶಿ ಕುಸಿದು, ವಾರದ ಹಿಂದಷ್ಟೇ ಭಾಲ್ಕಿಯಿಂದ ಬಂದಿದ್ದ ಕಾಶಪ್ಪ ಅದರ ಕೆಳಗೆ ಸಿಕ್ಕಿಕೊಂಡ. ಅವನ ಫೋನೂ ಪುಡಿಯಾಯಿತು. ನಾನೂ ವೈಜಿನಾಥನೂ ಅವನನ್ನು ನಾಸಿಕದ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಡಾಕ್ಟರು, ಉಳಿಯುವುದು ಕಷ್ಟ, ಮನೆಯವರಿಗೆ ತಿಳಿಸಿ ಎಂದರು. ವೈಜಿನಾಥನ ಮೊಬೈಲಿನಲ್ಲಿ ಹನ್ನೊಂದು ಭಾಲ್ಕಿಗಳಿದ್ದವು.

‘ಹೆಸರು ಹಾಕಲಿಕ್ಕೆ ಏನು ಧಾಡಿಯಾಗಿತ್ತೋ ನಿನಗ!’ ಎಂದು ಅವನ ಕೊರಳಪಟ್ಟಿ ಹಿಡಿದೆ.

‘ಆಮ್ಯಾಲೆ ಹೊಡೀರಿ ಅಣ್ಣಾ. ಮೊದಲ ಇದರಾಗ ಅರ್ಧಾ ನಂಬರಿಗೆ ನೀವು ಫೋನ್ ಹಚ್ರಿ.’

ಒಂದೊಂದಕ್ಕೇ ಫೋನ್ ಹಚ್ಚಿದೆವು. ‘ಆಸ್ಪತ್ರೆಯಿಂದ ಮಾತಾಡ್ತೀವಿ, ಕಾಶಪ್ಪನ ಮನಿ ಏನ್ರಿ?’ ಎಂದು ಕೇಳಿ ಮುಗಿಸುವ ಮೊದಲೇ ಪ್ರತಿ ಮನೆಯಲ್ಲೂ ಹೆಂಗಸೊಬ್ಬಳು ಚೀರುತ್ತಿದ್ದಳು. ಕಾಶಪ್ಪನ ಮನೆಯಲ್ಲವೆಂದು ತಿಳಿದ ಮೇಲೆ, ‘ನಿಮ್ಮವರಲ್ಲವ್ವಾ, ನಿಮ್ಮವರು ಆರಾಮ ಅದಾರ’ ಎಂದು ಹೇಳಿ ಇಡುತ್ತಿದ್ದೆವು.

ಒಂಬತ್ತನೆಯಾಕೆ ಚೀರಲಿಲ್ಲ. ‘ಹೌದ್ರಿ, ಕಾಶಪ್ಪನ ಮನಿಯಾಕಿ ನಾನೇ. ಅವರ ಕಿವಿಗೆ ಫೋನ್ ಹಿಡೀರಿ, ಮಾತಾಡ್ತೀನಿ’ ಎಂದಳು.

ವೈಜಿನಾಥ ಫೋನ್ ಹಿಡಿದು ವಾರ್ಡಿಗೆ ಓಡಿದ. ನಾನೂ ಹಿಂದೆ ಓಡಿದೆ. ಅಷ್ಟರಲ್ಲಿ ನರ್ಸು ಕಾಶಪ್ಪನ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಫೋನಿನೊಳಗಿಂದ ಆಕೆ, ‘ಹಿಡಿದಿರೇನ್ರಿ?’ ಎಂದು ಕೇಳುತ್ತಲೇ ಇದ್ದಳು.